ಹದಿನೈದರಿಂದ ಐವತ್ತರವರೆಗೆ

ಮಂಗಳೂರಿನ ಬೋಳಾರದ ಮಾರಿಗುಡಿಯಿಂದ ನದಿಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ, ಮನೆಯಂಗಳದ ಶೀಟಿನ ಮಾಡಿನ ಕೆಳಗೆ ಕೆಂಪು ಬಣ್ಣದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ನಿಂತಿದೆ. ಅದರ ಯಜಮಾನ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಊರಿಗೆ ಬಂದಾಗ ಮಾತ್ರ ಅದು ರಸ್ತೆ ಕಾಣುವುದು. ಉಳಿದ ದಿನಗಳಲ್ಲಿ ಅವನ ಅಮ್ಮ ಪಕ್ಕದ ಮನೆಯ ಹುಡುಗನನ್ನು ಕರೆದು ಆಗಾಗ ಸ್ಟಾರ್ಟ್ ಮಾಡಿಸುತ್ತಾರೆ. ಈಚೆಗೆ ಸಿಕ್ಕಿದಾಗ ಆ ದುಬೈ ಹುಡುಗ ಕೇಳಿದ: “ಅಣ್ಣ, ಈ ಕಾರು ಈಗ ಬರುವುದೇ ಇಲ್ಲ. ಮಾರದೆ ಇಟ್ಟರೆ ಮುಂದೆ ಒಳ್ಳೆ ರೇಟ್ ಬರಬಹುದಾ? ಹಳೆ ಯೆಜ್ಡಿಗೆಲ್ಲ ಜನ ಈಗ ಎಷ್ಟು ಕೊಡ್ತಾರೆ ನೋಡಿ.”

ಇದು ಅವನೊಬ್ಬನ ಪ್ರಶ್ನೆಯಲ್ಲ. ಪೋಲೊ ತಯಾರಿಕೆ 2022ರಲ್ಲಿ ನಿಂತ ಮೇಲೆ ಅದರ ಜಿಟಿ ಮಾದರಿಗಳನ್ನು ಹುಡುಕಿಕೊಂಡು ಬರುವವರು ಹೆಚ್ಚಿದ್ದಾರೆ. 2025ರಲ್ಲಿ ಗಾಲ್ಫ್ ಜಿಟಿಐ 53 ಲಕ್ಷ ರೂಪಾಯಿಗೆ ಬಂದಾಗ ಮೊದಲ ಕಂತಿನ 150 ಕಾರುಗಳೂ, ಅದೇ ವರ್ಷದ ಅಕ್ಟೋಬರಿನಲ್ಲಿ ಸುಮಾರು 50 ಲಕ್ಷದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 100 ಕಾರುಗಳೂ ಬಂದ ಹಾಗೆಯೇ ಮುಗಿದುಹೋದವು. ಕೊಂಡವರಲ್ಲಿ ಹೆಚ್ಚಿನವರು ಓಡಿಸುವ ಆಸೆಯಿಂದಲೇ ಕೊಂಡಿರಬೇಕು. ಆದರೆ “ಇದು ಮುಂದೆ ಬಂಗಾರ ಆಗ್ತದೆ” ಎಂಬ ಲೆಕ್ಕವೂ ಆ ಆಸೆಯ ಪಕ್ಕದಲ್ಲಿ ಕೂತಿರುತ್ತದೆ. ಮಾರುವವರೂ ಆ ಲೆಕ್ಕವನ್ನು ಮೆಲ್ಲಗೆ ಊದಿ ಉರಿಸುತ್ತಾರೆ.

ಮೊದಲು ಬರೀ ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. 10 ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇಕಡಾ 7ರ ಬಡ್ಡಿಯಲ್ಲಿ, ಬಡ್ಡಿಗೆ ಬಡ್ಡಿ ಸೇರಿಸುತ್ತಾ 30 ವರ್ಷ ಇಟ್ಟರೆ ಅದು 76 ಲಕ್ಷ ದಾಟುತ್ತದೆ. ಅದೇ 10 ಲಕ್ಷದ ಕಾರು 30 ವರ್ಷದ ನಂತರ 76 ಲಕ್ಷಕ್ಕೆ ಹೋಗಬೇಕು. ಅದರ ಮೇಲೆ ಅಷ್ಟೂ ವರ್ಷದ ಇನ್ಶೂರೆನ್ಸ್, ಬ್ಯಾಟರಿ, ಟಯರು, ಸರ್ವಿಸ್ ಖರ್ಚೂ ಹುಟ್ಟಬೇಕು. ಸಾಮಾನ್ಯ ಕಾರಖಾನೆಯಿಂದ ಸಾವಿರಗಟ್ಟಲೆ ಹೊರಬಂದ ಕಾರಿಗೆ ಅಷ್ಟು ಬೆಲೆ ಬರುತ್ತದೆಂದು ನಾನು ನಂಬುವುದಿಲ್ಲ. ಹಣ ಬೆಳೆಸುವುದೇ ಉದ್ದೇಶವಾದರೆ ಕಾರು ಅದಕ್ಕೆ ತಕ್ಕ ಜಾಗವಲ್ಲ.

ಹಾಗಂತ ಇಂದಿನ ವೇಗದ ಕಾರುಗಳಲ್ಲಿ ಯಾವುದೂ ಸಂಗ್ರಹಯೋಗ್ಯ ಆಗುವುದಿಲ್ಲ ಎಂದಲ್ಲ. ಖಂಡಿತ ಆಗುತ್ತವೆ. ಯಾವುವು ಎಂಬುದಕ್ಕೆ ಆ ಹುಡುಗ ಹೇಳಿದ ಯೆಜ್ಡಿಯಲ್ಲೇ ಉತ್ತರ ಉಂಟು.

ಯೆಜ್ಡಿ ಬೈಕುಗಳನ್ನು ಮಾಡಿದ ಮೈಸೂರಿನ ಐಡಿಯಲ್ ಜಾವಾ ಕಾರಖಾನೆ 1961ರಲ್ಲಿ ಕೆಲಸ ಆರಂಭಿಸಿ 1996ರಲ್ಲಿ ಬಾಗಿಲು ಹಾಕಿತು. ಅದರ ರೋಡ್‌ಕಿಂಗ್ ತನ್ನ ಕಾಲದ ವೇಗದ ಬೈಕು. ಕಾರಖಾನೆ ಮುಚ್ಚಿದ ಮೇಲೆ ಕೆಲವು ವರ್ಷ ಯೆಜ್ಡಿಯನ್ನು ಕೇಳುವವರೇ ಇರಲಿಲ್ಲ. ಪೆಟ್ರೋಲು ಕುಡಿಯುತ್ತದೆ, ಹೊಗೆ ಬಿಡುತ್ತದೆ ಎಂದು ಎಷ್ಟೋ ಗಾಡಿಗಳು ಗುಜರಿಗೆ ಹೋದವು. ಉಳಿದವು ಉಳಿದದ್ದು ಹೇಗೆ? ಬೆಲೆ ಬರುತ್ತದೆಂದು ಯಾರೂ ಅವನ್ನು ಕಟ್ಟಿಡಲಿಲ್ಲ. ಅಪ್ಪನ ಗಾಡಿ ಎಂದು ಮಗ ಇಟ್ಟುಕೊಂಡ. ಬಿಡಲು ಮನಸ್ಸಾಗದೆ ಮೆಕ್ಯಾನಿಕ್ ಒಬ್ಬ ಇಟ್ಟುಕೊಂಡ. ಎರಡೇ ಸ್ಟ್ರೋಕಿನ ಸರಳ ಎಂಜಿನ್, ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್. ಬಿಚ್ಚಿ ಕಟ್ಟಲು ಊರಿಗೊಬ್ಬ ಕೈಗಾರ ಇದ್ದ. ಸಣ್ಣ ಸಣ್ಣ ವರ್ಕ್‌ಶಾಪುಗಳು ಬಿಡಿಭಾಗ ಮಾಡಿಕೊಟ್ಟವು. ಆಗ ಕಾಲೇಜಿನ ಗೇಟಿನಲ್ಲಿ ನಿಂತು ಆಸೆಯ ಕಣ್ಣಿಂದ ನೋಡಿದ್ದ ಹುಡುಗರು ನಲವತ್ತು ದಾಟಿ ಕೈಯಲ್ಲಿ ದುಡ್ಡು ಕಂಡಾಗ ಹುಡುಕಿಕೊಂಡು ಹೋದರು. ಈಗ ಜುಲೈ ತಿಂಗಳಲ್ಲಿ ಜಾವಾ–ಯೆಜ್ಡಿ ದಿನವೆಂದು ಬೆಂಗಳೂರು, ಮೈಸೂರಿನಲ್ಲಿ ಸಾಲುಗಟ್ಟಿ ಸೇರುತ್ತಾರೆ.

ಬೇರೆ ದೇಶಗಳಲ್ಲಿ ನಡೆದದ್ದೂ ಇದೇ. 2001ರಲ್ಲಿ ‘ದಿ ಫಾಸ್ಟ್ ಆ್ಯಂಡ್ ದಿ ಫ್ಯೂರಿಯಸ್’ ಸಿನಿಮಾ ನೋಡಿದ ಹುಡುಗರಿಗೆ ಟೊಯೊಟಾ ಸುಪ್ರಾ ಕನಸಿನ ಕಾರಾಯಿತು. ಇಪ್ಪತ್ತು ವರ್ಷ ಕಳೆದು 2021ರಲ್ಲಿ ಆ ಸಿನಿಮಾದಲ್ಲಿ ಬಳಸಿದ ಸುಪ್ರಾ ಹರಾಜಿಗೆ ಬಂದಾಗ 5,50,000 ಡಾಲರಿಗೆ ಹೋಯಿತು. ಸಿನಿಮಾ ನಂಟಿಲ್ಲದ ಒಳ್ಳೆಯ ಸುಪ್ರಾಗಳ ಬೆಲೆಯೂ ಆ ಹೊತ್ತಿಗೆ ಏರಿತ್ತು. ಜಪಾನಿನ ಅದೆಷ್ಟೋ ಕಾರುಗಳು, ಒಂದು ಕಾಲಕ್ಕೆ ಹುಡುಗರ ಸೆಕೆಂಡ್ ಹ್ಯಾಂಡ್ ಗಾಡಿಗಳು, ಹೀಗೆ ಮೇಲೆ ಬಂದವು.

ಇದಕ್ಕೆ ಎದುರಾದ ಕತೆಯೂ ಕೇಳಬೇಕಾದ್ದೇ. ಅಮೆರಿಕದಲ್ಲಿ 1978ರಲ್ಲಿ ಇಂಡಿಯಾನಾಪೊಲಿಸ್ ರೇಸಿನ ನೆನಪಿಗೆಂದು ಷೆವರ್ಲೆ ಕಂಪನಿ ಕಾರ್ವೆಟ್ ಕಾರಿನ ವಿಶೇಷ ಆವೃತ್ತಿ ತಂದಿತು. ಮಾಡಿದ್ದು 6,502 ಕಾರು. ಮುಂದೆ ಭಾರಿ ಬೆಲೆ ಬರುತ್ತದೆಂದು ಜನ ಮುಗಿಬಿದ್ದು ಕೊಂಡು, ಓಡಿಸದೆ, ಸೀಟಿನ ಪ್ಲಾಸ್ಟಿಕ್ ತೆಗೆಯದೆ ಗ್ಯಾರೇಜಿನಲ್ಲಿಟ್ಟರು. ಎಲ್ಲರೂ ಹಾಗೆಯೇ ಇಟ್ಟದ್ದರಿಂದ ದಶಕಗಳು ಕಳೆದರೂ ಹೊಸದರಂಥ ಕಾರುಗಳು ಬೇಕಾದಷ್ಟು ಉಳಿದವು. ಬೆಲೆ ಹಣದುಬ್ಬರವನ್ನೂ ಹಿಂದೆ ಹಾಕಲಿಲ್ಲ. ಎಲ್ಲರೂ ಕಾಪಾಡುವ ವಸ್ತು ಅಪರೂಪವಾಗುವುದಿಲ್ಲ. 2016ರ ಪೋರ್ಷೆ 911 ಆರ್ ಮಾಡಿದ್ದು 991 ಮಾತ್ರ. ಕೊಂಡವರಲ್ಲಿ ಕೆಲವರು ತಿಂಗಳೊಳಗೆ ಹಲವು ಪಟ್ಟು ಬೆಲೆಗೆ ಮಾರಿದರು. ಮರುವರ್ಷ ಕಂಪನಿಯೇ ಹೆಚ್ಚುಕಡಿಮೆ ಅದೇ ಬಗೆಯ ಮ್ಯಾನುಯಲ್ ಗೇರಿನ ಇನ್ನೊಂದು ಮಾದರಿ ತಂದಾಗ ಆ ಬೆಲೆ ಇಳಿಯಿತು. ನಮ್ಮ 100, 150ರ ಲೆಕ್ಕ ಇನ್ನೂ ತೆಳು. ಅದೇ ಗಾಲ್ಫ್, ಅದೇ ಆಕ್ಟೇವಿಯಾ ಯುರೋಪಿನಲ್ಲಿ ಸಾವಿರ ಸಾವಿರ ಓಡುತ್ತಿವೆ. ಇಲ್ಲಿ ಅಪರೂಪವಾಗಿರುವುದು ಆಮದಿನ ನಿಯಮ ಹಾಗೂ ಸುಂಕದ ದೆಸೆಯಿಂದ.

2016ರ ಕೊನೆಗೆ ನಮ್ಮಲ್ಲಿ ಬಂದ ಪೋಲೊ ಜಿಟಿಐ ಇದಕ್ಕಿಂತ ಒಳ್ಳೆಯ ಉದಾಹರಣೆ. ಮೂರು ಬಾಗಿಲಿನ ಸಣ್ಣ ಕಾರು, 25 ಲಕ್ಷಕ್ಕೂ ಹೆಚ್ಚು ಬೆಲೆ, ತರಿಸಿದ್ದು 99. ಅಷ್ಟನ್ನೂ ಮಾರಲಾಗದೆ ಮರುವರ್ಷ ಬೆಲೆಯನ್ನು ಸುಮಾರು 6 ಲಕ್ಷ ಇಳಿಸಬೇಕಾಯಿತು. ಅಂದು ಮೂಗು ಮುರಿದವರ ನಡುವೆ ಇಷ್ಟಪಟ್ಟು ಕೊಂಡವರ ಕೈಯಲ್ಲಿರುವ ಆ ಕಾರುಗಳನ್ನು ಇಂದು ಕೇಳುವವರಿದ್ದಾರೆ. ಬೇಡವೆಂದವರ ಕಾಲದಲ್ಲಿ ಬೇಕೆಂದವರು ಇಟ್ಟುಕೊಂಡ ವಸ್ತುವಿಗೇ ಮುಂದೆ ಬೆಲೆ.

ಬೋಳಾರದವರಿಗೆ ಇದನ್ನು ಹೆಂಚಿನ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರಖಾನೆ ಹಾಕಿದ ಮೇಲೆ ಜೆಪ್ಪು, ಬೋಳಾರ, ಹೊಯಿಗೆ ಬಜಾರಿನ ಉದ್ದಕ್ಕೂ ಹೊಗೆಕೊಳವೆಗಳು ಎದ್ದವು. ಲಕ್ಷಗಟ್ಟಲೆ ಹೆಂಚು ಹಡಗು ಹತ್ತಿದವು. ಕಾಂಕ್ರೀಟ್ ಬಂದಾಗ ಅದೇ ಹೆಂಚನ್ನು ಒಡೆದು ಗುಂಡಿಗೆ ತುಂಬಿಸಿದೆವು. ಈಗ ಕಾರಖಾನೆಯ ಹೆಸರು ಒತ್ತಿದ ಹಳೆಯ ಹೆಂಚನ್ನು ಹೊಸ ಮನೆ, ರೆಸಾರ್ಟ್ ಕಟ್ಟುವವರು ಹುಡುಕಿ ಕೊಳ್ಳುತ್ತಾರೆ. ಮಾಡಿನ ಮೇಲೆ ಮಳೆ ತಡೆಯುತ್ತಾ ಇದ್ದ ಹೆಂಚುಗಳೇ ಇವತ್ತಿಗೆ ಸಿಕ್ಕಿದ್ದು.

ಬೆಲೆ ಬಂದ ಪ್ರತಿಯೊಂದು ಹಳೆಯ ವಾಹನವೂ ಮೊದಲು ಒಂದು ಬೀಳು ಕಾಲ ದಾಟಿದೆ. ಹೊಸತನ ಹೋಗಿದೆ, ಹಳಮೆಯ ಗೌರವ ಇನ್ನೂ ಬಂದಿಲ್ಲ, ಬರೀ ಹಳೇ ಗಾಡಿ. 1971ರಲ್ಲಿ ರಾಜಧನ ರದ್ದಾದ ಮೇಲೆ ಅರಮನೆಗಳ ರೋಲ್ಸ್ ರಾಯ್ಸ್‌ಗಳು ಕೂಡ ಸಿಕ್ಕ ಬೆಲೆಗೆ ಕೈಬಿಟ್ಟ ಕಾಲ ಇತ್ತು. ಕಾರುಗಳಿಗೆ ಈ ಬೀಳು ಕಾಲ ಸಾಮಾನ್ಯವಾಗಿ 15ನೇ ವರ್ಷದಿಂದ 30ರ ಆಸುಪಾಸಿನವರೆಗೆ. ಅದನ್ನು ದಾಟಿದ ಕಾರುಗಳು ಮಾತ್ರ ಸಂಗ್ರಹದ ಮಾತಿಗೆ ಬರುತ್ತವೆ. ಇಂದಿನ ಕಾರುಗಳು ಅದನ್ನು ದಾಟುತ್ತವೆಯೇ ಎಂಬುದೇ ನನ್ನ ಚಿಂತೆ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಸೇರಿದ ಹಳೆಯ ಕಾರುಗಳ ಸಾಲನ್ನು ನಮ್ಮ ಜಿಲ್ಲೆಯ ಬಹಳ ಜನ ನೋಡಿದ್ದಾರೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಸಂಗ್ರಹ ಅದು. ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ಅದೇ ಆಸಕ್ತಿಯಿಂದ ಎದ್ದದ್ದು. ಆ ಕಾಲದ ಕಾರಿನ ಬಾನೆಟ್ ಎತ್ತಿದರೆ ಕಣ್ಣಿಗೆ ಎಲ್ಲವೂ ಕಾಣುತ್ತದೆ: ಕಾರ್ಬುರೇಟರ್, ಡೈನಮೊ, ಡಿಸ್ಟ್ರಿಬ್ಯೂಟರ್. ಭಾಗ ಸವೆದರೆ ಬಂದರಿನ ಲೇತ್ ಅಂಗಡಿಯಲ್ಲಿ ತಿರುಗಿಸಿ ಹೊಸದು ಮಾಡಿಸಬಹುದು. ದೋಣಿಯ ಎಂಜಿನ್ ಬಿಚ್ಚಿ ಪಳಗಿದ ಕೈಗಳು ನಮ್ಮಲ್ಲಿ ಕಡಿಮೆಯಿಲ್ಲ. ಅವರ ಮುಂದೆ ನೂರು ವರ್ಷದ ಕಾರು ತಂದಿಟ್ಟರೂ ಅರ್ಧ ದಿನದಲ್ಲಿ ಅದರ ಜಾತಕ ಹೇಳಿಯಾರು.

ದುಬೈ ಹುಡುಗನ ಪೋಲೊ ಹಾಗಲ್ಲ. 1.2 ಲೀಟರಿನ ಟರ್ಬೊ ಎಂಜಿನ್, ಏಳು ಗೇರಿನ ಡಿಎಸ್‌ಜಿ. ಆ ಗೇರ್‌ಬಾಕ್ಸಿನ ಒಳಗೆ ಎರಡು ಕ್ಲಚ್, ಅವನ್ನು ಆಡಿಸಲು ಎಣ್ಣೆಯ ಒತ್ತಡ ಮತ್ತು ಎಲೆಕ್ಟ್ರಾನಿಕ್ಸ್ ಒಂದಾಗಿ ಕೂತ ಮೆಕಾಟ್ರಾನಿಕ್ ಘಟಕ. ಕೆಟ್ಟರೆ ಬಿಚ್ಚಿ ಸರಿಮಾಡುವುದಕ್ಕಿಂತ ಇಡೀ ಘಟಕವನ್ನೇ ಬದಲಾಯಿಸುವುದು ವಾಡಿಕೆ. ಇಪ್ಪತ್ತು ವರ್ಷದ ನಂತರ ಆ ಘಟಕ ಎಲ್ಲಿಂದ ತರುವುದು? ಬಂದರೂ ಕಾರಿನ ಕಂಪ್ಯೂಟರಿಗೆ ಅದನ್ನು ಪರಿಚಯಿಸುವ ಸಾಫ್ಟ್‌ವೇರ್ ಯಾರಲ್ಲಿರುತ್ತದೆ? ಕೀಲಿಯೊಳಗಿನ ಚಿಪ್ ಗುರುತು ಹಿಡಿಯದಿದ್ದರೆ ಎಂಜಿನ್ ಏಳುವುದೇ ಇಲ್ಲ. ಈ ಕಷ್ಟ ಅತಿ ದುಬಾರಿ ಕಾರುಗಳನ್ನೂ ಬಿಟ್ಟಿಲ್ಲ. 1990ರ ದಶಕದ ಮೆಕ್‌ಲ್ಯಾರೆನ್ ಎಫ್‌1 ಒಟ್ಟು 106 ಮಾತ್ರ ತಯಾರಾದದ್ದು. 2021ರಲ್ಲಿ ಒಂದು ಕಾರು 2 ಕೋಟಿ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಅಂಥ ಕಾರಿನ ಸರ್ವಿಸಿಗೆ ಆ ಕಾಲದ ಕಾಂಪ್ಯಾಕ್ ಲ್ಯಾಪ್‌ಟಾಪ್ ಒಂದರ ಅಗತ್ಯವಿತ್ತು. ತಯಾರಕರು ಹಳೆಯ ಲ್ಯಾಪ್‌ಟಾಪುಗಳನ್ನು ಹುಡುಕಿ ಉಳಿಸಿಕೊಂಡು ಕೆಲಸ ಸಾಗಿಸಿದರು. ಕೋಟಿಗಟ್ಟಲೆ ಬೆಲೆಯ ಕಾರಿಗೆ ಕಂಪನಿ ಬೆನ್ನಿಗೆ ನಿಲ್ಲುತ್ತದೆ. ಹತ್ತು ಲಕ್ಷದ ಕಾರಿಗೆ ನಿಲ್ಲುವವರು ಯಾರು?

ಆದ್ದರಿಂದ ನಮ್ಮ ನೆಲದಲ್ಲಿ ಉಳಿಯುವುದಕ್ಕೆ ಯೋಗ್ಯವಾದವು ಮ್ಯಾನುಯಲ್ ಗೇರಿನ, ಇನ್ನೂ ಬಿಚ್ಚಿ ಕಟ್ಟಬಹುದಾದ ಕಾರುಗಳು ಎಂದು ನಾನು ತಿಳಿದಿದ್ದೇನೆ. 2000ದ ಹೋಂಡಾ ಸಿಟಿ ವಿಟೆಕ್, ಫಿಯೆಟ್ ಪಾಲಿಯೊ 1.6, 2004ರ ಮೊದಲ ಆಕ್ಟೇವಿಯಾ ಆರ್‌ಎಸ್, ಮಿತ್ಸುಬಿಷಿ ಸೆಡಿಯಾ, 2015ರ ಅಬಾರ್ತ್ ಪುಂಟೊ, 2018ರಲ್ಲಿ ಬಂದು ಎರಡೇ ವರ್ಷದಲ್ಲಿ ನಿಂತುಹೋದ ಟಾಟಾ ಟಿಯಾಗೊ ಜೆಟಿಪಿ. ಸೆಡಿಯಾದ ಮೇಲೆ ನನಗೆ ವಿಶೇಷ ಮಮತೆ. ನಮ್ಮ ರ‍್ಯಾಲಿಗಳ ಮಣ್ಣು ತಿಂದ ಕಾರು ಅದು. ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫ್ 300ಕ್ಕೂ ಹೆಚ್ಚು ರ‍್ಯಾಲಿಗಳಲ್ಲಿ ನ್ಯಾವಿಗೇಟರ್ ಆಗಿ ಕೂತವರು. ಅಂಥವರನ್ನು ಕೊಟ್ಟ ಕರಾವಳಿಯಲ್ಲಿ ರ‍್ಯಾಲಿಯ ಕಾಲದ ಕಾರುಗಳು ಒಂದೆರಡಾದರೂ ಸುಸ್ಥಿತಿಯಲ್ಲಿ ಉಳಿಯಬೇಡವೇ?

ಉಳಿಸಿಕೊಳ್ಳುವುದು ಇಲ್ಲಿ ಸುಲಭವಲ್ಲ. ಒಂದು ಕಡೆ ನೇತ್ರಾವತಿ, ಅದರಾಚೆ ಸಮುದ್ರ, ಗಾಳಿಯಲ್ಲೇ ಉಪ್ಪು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ. ನಿಂತ ಕಾರಿಗೆ ಇದು ಓಡುವ ಕಾರಿಗಿಂತ ಹೆಚ್ಚು ಕೆಟ್ಟದ್ದು. ಹೊದಿಕೆಯ ಒಳಗೆ ಬೆವರಿದ ತೇವ ಹೋಗಲು ದಾರಿಯಿಲ್ಲ. ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಸೀಟಿಗೆ ಬೂಸ್ಟು ಬರುತ್ತದೆ, ಇಲಿ ವಯರ್ ಕಡಿಯುತ್ತದೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಅದು ಗಾಳಿಯ ನೀರಿನಂಶವನ್ನು ಎಳೆದುಕೊಳ್ಳುತ್ತದೆ. 2023ಕ್ಕಿಂತ ಹಿಂದಿನ ಹೆಚ್ಚಿನ ಕಾರುಗಳ ರಬ್ಬರ್ ಪೈಪು, ಸೀಲುಗಳನ್ನು ಆ ಮಟ್ಟದ ಎಥೆನಾಲಿಗೆಂದು ಮಾಡಿದ್ದಲ್ಲ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಅದನ್ನು ಬಿಡುವುದು ತಪ್ಪು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದೂ ಒಳ್ಳೆಯದಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ತೊಕ್ಕೊಟ್ಟಿನವರೆಗೆ ಹೋಗಿಬಂದರೆ ಅದೇ ಕಾರಿಗೆ ಮದ್ದು.

ಮಳೆ, ಉಪ್ಪು, ಇಲಿ ಇವುಗಳಿಂದ ಮನುಷ್ಯ ಕಾಪಾಡಬಲ್ಲ. ಕಾನೂನಿನ ಮುಂದೆ ಅವನು ಒಬ್ಬಂಟಿ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯಿತು. ದೆಹಲಿಯಲ್ಲಿ 15 ವರ್ಷದ ಪೆಟ್ರೋಲ್ ಕಾರು, 10 ವರ್ಷದ ಡೀಸೆಲ್ ಕಾರು ಓಡಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಸುಸ್ಥಿತಿಯ ಎಷ್ಟೋ ಕಾರು ಊರು ಬಿಟ್ಟವು, ಎಷ್ಟೋ ಗುಜರಿ ಸೇರಿದವು. ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ ಎಂಬುದು ಸಮಾಧಾನ. ಇನ್ನು 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು: ನಂಬರಿನಲ್ಲಿ ‘ವಿಎ’ ಅಕ್ಷರ, 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ಪ್ರದರ್ಶನ ಹಾಗೂ ರ‍್ಯಾಲಿಯಂಥ ಸಂದರ್ಭಗಳಲ್ಲಿ ಮಾತ್ರ ಓಡಿಸುವ ಅನುಮತಿ. ಒಳ್ಳೆಯ ಕೆಲಸ. ಆದರೆ ಅದು ಸಿಗಬೇಕಾದರೆ ವಾಹನಕ್ಕೆ 50 ವರ್ಷ ತುಂಬಿರಬೇಕು.

15ಕ್ಕೆ ಮುದಿಯಾಗುವ ಕಾರು 50ಕ್ಕೆ ಪರಂಪರೆಯಾಗುತ್ತದೆ. ನಡುವಿನ 35 ವರ್ಷ ಅದು ಕಾನೂನಿನ ಕಣ್ಣಿಗೆ ಬರೀ ಹಳೇ ಗಾಡಿ. 2004ರ ಆಕ್ಟೇವಿಯಾ ಆರ್‌ಎಸ್‌ಗೆ ವಿಂಟೇಜ್ ಮರ್ಯಾದೆ ಸಿಗುವುದು 2054ಕ್ಕೆ. ಅಷ್ಟು ಹೊತ್ತಿಗೆ ಎಷ್ಟು ಉಳಿದಿರುತ್ತವೆ? ಇನ್ಶೂರೆನ್ಸಿನಲ್ಲೂ ಇದೇ ಪಾಡು. ಕಾರಿನ ಘೋಷಿತ ಮೌಲ್ಯ ವರ್ಷ ವರ್ಷ ಇಳಿಯುತ್ತಾ ಹೋಗುತ್ತದೆ. ಇಪ್ಪತ್ತು ವರ್ಷದ ಕಾರಿಗೆ ಸಣ್ಣ ಅಪಘಾತವಾದರೂ ರಿಪೇರಿಯ ಖರ್ಚು ಆ ಮೌಲ್ಯವನ್ನು ಮೀರಿ, ‘ಟೋಟಲ್ ಲಾಸ್’ ಎಂದು ಬರೆಸಿಕೊಂಡು ಗುಜರಿಗೆ ಹೋಗುತ್ತದೆ. ನಾಲ್ಕು ಲಕ್ಷ ಖರ್ಚು ಮಾಡಿ ಜತನವಾಗಿ ಇಟ್ಟವನಿಗೂ, ಗೋಣಿ ಹಾಸಿ ಸೀಟು ಮುಚ್ಚಿದವನಿಗೂ ಒಂದೇ ಅಳತೆ.

ಜರ್ಮನಿಯಲ್ಲಿ 1997ರಿಂದ 30 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ಕಾರುಗಳಿಗೆ ನಂಬರಿನ ಕೊನೆಗೆ ‘ಎಚ್’ ಅಕ್ಷರ ಕೊಡುತ್ತಾರೆ. ತಪಾಸಣೆ ಕಟ್ಟುನಿಟ್ಟು, ತೆರಿಗೆ ಏಕರೂಪ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಕೂಡ 30 ವರ್ಷವನ್ನೇ ಗೆರೆ ಎಂದು ಇಟ್ಟುಕೊಂಡಿದೆ. ಹೊಗೆಯ ಕಾಳಜಿ ನನಗೂ ಉಂಟು. ದಿನಾ ಓಡುವ ಮುದಿ ವಾಹನಗಳನ್ನು ರಸ್ತೆಯಿಂದ ಇಳಿಸಬೇಕಾದ್ದು ನ್ಯಾಯವೇ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ, ಜತನದಿಂದ ಇಟ್ಟ ಕೆಲವೇ ಕಾರುಗಳಿಂದ ಮಂಗಳೂರಿನ ಗಾಳಿ ಕೆಡುವುದಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯ 2021ರ ನಿಯಮಕ್ಕೆ ಒಂದು ತಿದ್ದುಪಡಿ ತಂದು 25 ಅಥವಾ 30 ವರ್ಷ ದಾಟಿದ ಕಾರು, ಬೈಕುಗಳಿಗೆ ನಡುವಿನ ವರ್ಗವೊಂದನ್ನು ಮಾಡಬೇಕು. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂದು ಮಿತಿ ಹಾಕಲಿ, ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಲಿ, ಒಪ್ಪಿದ ಮೌಲ್ಯಕ್ಕೆ ವಿಮೆ ಸಿಗುವಂತೆ ನೋಡಲಿ. ಹಳೆಯ ಕಾರಿನ ಸಂಘಗಳಿರುವ ಬೆಂಗಳೂರು, ಯೆಜ್ಡಿ ಹುಟ್ಟಿದ ಮೈಸೂರು, ಕಾರು ಸಂಗ್ರಹವನ್ನು ಜನರಿಗೆ ತೆರೆದಿಟ್ಟ ಧರ್ಮಸ್ಥಳ ಇರುವ ರಾಜ್ಯದ ಸಂಸದರು ಈ ಬೇಡಿಕೆಯನ್ನು ಮುಂದಿಡಲು ಬೇರೆಯವರಿಗಿಂತ ಹೆಚ್ಚು ಅರ್ಹರು.

ಅಲ್ಲಿಯವರೆಗೆ, ಮನೆಯಲ್ಲಿ ಇಷ್ಟದ ಕಾರು ಇಟ್ಟುಕೊಂಡವರಲ್ಲಿ ನನ್ನ ವಿನಂತಿ ಇಷ್ಟು. ಕೊಂಡಾಗಿನ ಬಿಲ್ಲು, ಸರ್ವಿಸ್ ಪುಸ್ತಕ, ಆರ್‌ಸಿ ಒಂದೇ ಫೈಲಿನಲ್ಲಿರಲಿ. ನೋಂದಣಿ ಮುಗಿಯುವ ದಿನ ಬರೆದಿಟ್ಟುಕೊಳ್ಳಿ; ನವೀಕರಣ ಬಿಟ್ಟುಹೋದ ಕಾರಿಗೆ ಮತ್ತೆ ಕಾಗದ ಮಾಡಿಸುವುದು ದೊಡ್ಡ ಓಡಾಟ. ಮೂಲ ಚಕ್ರ, ಮೂಲ ಸೈಲೆನ್ಸರ್ ಬದಲಾಯಿಸಿದ್ದರೆ ಅವನ್ನು ಮಾರಬೇಡಿ. ಕಂಪನಿ ಬಿಡಿಭಾಗ ಕೊಡುತ್ತಿರುವಾಗಲೇ ರಬ್ಬರು, ಸೆನ್ಸರು, ಲೈಟುಗಳನ್ನು ಒಂದೊಂದು ಹೆಚ್ಚಿಗೆ ತೆಗೆದಿಡಿ. ಒಂದೇ ಕೀಲಿ ಉಳಿದಿದ್ದರೆ ಶೋರೂಮಿಗೆ ಹೋಗಿ ಎರಡನೆಯದನ್ನು ಈ ತಿಂಗಳೇ ಮಾಡಿಸಿ.